ಮಡಿಚಿಟ್ಟ ರೈಲು, ಮಡಿಚಿಟ್ಟ ಲೆಕ್ಕ

ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ದೂರದ ರೈಲು ಹತ್ತುವವರಿಗೆ ಕಿಟಕಿಯಾಚೆಯ ನೋಟ ಪುಟಪುಟವಾಗಿ ಸಿಗುವುದಿಲ್ಲ. ಒಂದೇ ಸಮನೆ ಹರಿಯುತ್ತದೆ. ಆ ಅನುಭವಕ್ಕೆ ತಕ್ಕ ಪುಸ್ತಕವೊಂದು 1913ರಲ್ಲಿ ಪ್ಯಾರಿಸ್‌ನಲ್ಲಿ ಹೊರಬಂತು. ಬ್ಲೇಸ್ ಸಾಂದ್ರಾರ್ ಬರೆದ ಟ್ರಾನ್ಸ್-ಸೈಬೀರಿಯನ್ ರೈಲಿನ ಕವಿತೆಗೆ ಸೋನಿಯಾ ದೆಲೊನೆ ಬಣ್ಣ ಹಚ್ಚಿದರು. ಮಡಿಕೆ ಬಿಚ್ಚಿದರೆ ಸುಮಾರು 2 ಮೀಟರ್ ಉದ್ದದ ಒಂದೇ ಹಾಳೆ. ಯೋಜಿಸಿದ್ದು 150 ಪ್ರತಿ. ಎಲ್ಲವನ್ನೂ ಉದ್ದಕ್ಕೆ ಜೋಡಿಸಿದರೆ ಐಫೆಲ್ ಗೋಪುರದಷ್ಟಾಗುತ್ತದೆ ಎಂಬ ಲೆಕ್ಕಾಚಾರ. ಪ್ರಚಾರದ ಚಮತ್ಕಾರವೂ ಇತ್ತೆನ್ನಿ.

ಇಂಥವನ್ನು ಇಂದು ಕಲಾವಿದರ ಪುಸ್ತಕ ಎನ್ನುತ್ತಾರೆ: ಆಕಾರವೇ ಅರ್ಧ ಕಥೆ ಹೇಳಬೇಕು.

ಕನ್ನಡ ನಾಡಿನ ಕಡತವನ್ನು, ಅಂದರೆ ಲೆಕ್ಕ ಬರೆಯುತ್ತಿದ್ದ ಮಡಿಕೆ ಬಟ್ಟೆಯನ್ನು, ಯಾರೂ ಕಲೆಯೆಂದು ಮಾಡಲಿಲ್ಲ. ಆದರೂ ಈ ಅಳತೆಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಬಟ್ಟೆಯ ಎರಡೂ ಬದಿಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಹಿಂದೆ ಮುಂದೆ ಮಡಿಚುತ್ತಿದ್ದರು. ಕಪ್ಪು ಮೈಮೇಲೆ ಬಳಪದ ಬಿಳಿ ಅಕ್ಷರ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ: ಉದ್ದ 12ರಿಂದ 18 ಅಡಿ, ಎರಡು ತುದಿಗೂ ಮರದ ಹಲಗೆ.

ಬರೆದದ್ದನ್ನು ಅಳಿಸಬಹುದಿತ್ತು, ಮತ್ತೆ ಬರೆಯಬಹುದಿತ್ತು. ತೀರಿದ ಸಾಲ, ಬದಲಾಗುವ ಬಾಕಿ ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು? ಹಾಗೆಂದು ಎಲ್ಲವೂ ಅಳಿಯಲಿಲ್ಲ. ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳನ್ನು ಇತಿಹಾಸಕಾರ ಎ.ಕೆ. ಶಾಸ್ತ್ರಿ ಅಭ್ಯಾಸ ಮಾಡಿ ಪ್ರಕಟಿಸಿದ್ದಾರೆ.