ಕೊಬ್ಬರಿ ನಾಡಿನಲ್ಲೂ ಥೈರಾಯ್ಡಿಗೆ ಗುಳಿಗೆಯೇ ಗತಿ

ತಿಪಟೂರು: ಇಲ್ಲಿನ ಉಂಡೆ ಕೊಬ್ಬರಿಗೆ ದೂರದೂರದಿಂದ ಗಿರಾಕಿಗಳು ಬರುತ್ತಾರೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯೂ ಕಾಯಿ ಹಾಕದ ಸಾರು ಅಪರೂಪ. ಇಂಥ ನಾಡಿನಲ್ಲಿ "ದಿನಾ ಎರಡು ಚಮಚ ಕೊಬ್ಬರಿ ಎಣ್ಣೆ ಕುಡಿದ್ರೆ ಥೈರಾಯ್ಡ್ ವಾಸಿಯಾಗುತ್ತಂತೆ" ಅನ್ನೋ ಮಾತು ಕಿವಿಗೆ ಹಿತವೇ. ಆದರೆ ಅದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಇದನ್ನು ನಂಬಿ ಗುಳಿಗೆ ಬಿಟ್ಟರೆ ಕೆಟ್ಟಿತು.

ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ. ಎಲ್ಲರ ಕೊರಳಲ್ಲೂ ಇರುವ, ಚಿಟ್ಟೆಯಾಕಾರದ ಗ್ರಂಥಿ. ಆಹಾರದ ಅಯೋಡಿನ್ ಬಳಸಿ ಟಿ-3, ಟಿ-4 ಎಂಬ ಹಾರ್ಮೋನು ತಯಾರಿಸುತ್ತದೆ. ಮೈಕಾವು, ಎದೆಬಡಿತ, ಮಕ್ಕಳ ಬೆಳವಣಿಗೆ ಎಲ್ಲಕ್ಕೂ ಇದು ಬೇಕು. ಇದರ ಮೇಸ್ತ್ರಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ. ಹಾರ್ಮೋನು ಕಮ್ಮಿಯಾದರೆ ಅದು ಟಿ.ಎಸ್.ಎಚ್. ಹೆಚ್ಚಿಸಿ ಕೆಲಸಕ್ಕೆ ತಾಕೀತು ಮಾಡುತ್ತದೆ. ರಕ್ತಪರೀಕ್ಷೆಯಲ್ಲಿ ನೋಡುವುದು ಇದನ್ನೇ.

ಹಾರ್ಮೋನು ಕಮ್ಮಿಯಾದರೆ ಸುಸ್ತು, ಚಳಿ, ಮಲಬದ್ಧತೆ, ಮುಟ್ಟಿನ ಏರುಪೇರು, ತೂಕವೂ ಏರುತ್ತದೆ. ಹೆಂಗಸರಲ್ಲೇ ಇದು ಹೆಚ್ಚು. "ತೋಟದ ಕೆಲಸ ಜಾಸ್ತಿಯಾಯ್ತು, ಅದಕ್ಕೇ ಸುಸ್ತು" ಅಂತ ವರ್ಷಗಟ್ಟಲೆ ತಳ್ಳಿಬಿಡುತ್ತಾರೆ. ಬಹುಪಾಲು ಇದು ಬೇಲಿಯೇ ಎದ್ದು ಹೊಲ ಮೇಯ್ದ ಕತೆ: ಮೈಯ ರಕ್ಷಣಾಪಡೆಯೇ ಗ್ರಂಥಿಯ ಮೇಲೆ ಬೀಳುತ್ತದೆ. ಹಾರ್ಮೋನು ಹೆಚ್ಚಾದರೆ ಎದೆ ಡವಡವ, ಕೈನಡುಕ, ಬೆವರು. ಉಂಡರೂ ತೂಕ ಇಳಿಯುತ್ತದೆ. ಇನ್ನು ಗ್ರಂಥಿ ಊದಿದರೆ ಗಳಗಂಡ. ಕೊರಳಲ್ಲಿ ಗಂಟು ಕಂಡರೆ ಮುಚ್ಚಿಡದೆ ತೋರಿಸಬೇಕು. ಹೆಚ್ಚಿನವು ಅಪಾಯದವಲ್ಲ, ಕೆಲವು ಕ್ಯಾನ್ಸರ್ ಇರಬಹುದು.

ಗಳಗಂಡದ ವಿರುದ್ಧ ಸರ್ಕಾರ 1962ರಲ್ಲೇ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಉಪ್ಪಿಗೆ ಅಯೋಡಿನ್ ಬೆರೆಸಿದ್ದು ಅದಕ್ಕೇ. ತೆಂಗಿನ ಬುಡಕ್ಕೆ ತಂದ ಅಯೋಡಿನ್ ಇಲ್ಲದ ಉಪ್ಪು ಅಡಿಗೆಮನೆ ಸೇರಬಾರದು. ಆದರೆ ಅಯೋಡಿನ್ ಉಪ್ಪು ತಿಂದ ಮಾತ್ರಕ್ಕೆ ಎಲ್ಲ ಥೈರಾಯ್ಡ್ ತೊಂದರೆಯೂ ಹೋಗದು.

ಕಮ್ಮಿಯಾದ ಹಾರ್ಮೋನನ್ನು ತುಂಬುವುದು ಲೆವೊಥೈರಾಕ್ಸಿನ್ ಗುಳಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಕಾಫಿ-ತಿಂಡಿಗೆ ಅರ್ಧದಿಂದ ಒಂದು ಗಂಟೆ ತಡೆಯಬೇಕು. ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಬಸುರಿಯರಂತೂ ತಾವಾಗಿಯೇ ನಿಲ್ಲಿಸಕೂಡದು. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದಲೇ. ಹುಟ್ಟಿದ ಕೂಸಿನಲ್ಲಿ ಕೊರತೆಯಿದ್ದು ಬೇಗ ಚಿಕಿತ್ಸೆಯಾಗದಿದ್ದರೆ ಬುದ್ಧಿ ಕುಂಠಿತವಾಗುತ್ತದೆ. ಅದಕ್ಕೇ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡುವ ಪರೀಕ್ಷೆ.

ಕೊಬ್ಬರಿ ಸಾರಿಗಿರಲಿ, ಎಣ್ಣೆ ತಲೆಗಿರಲಿ. ಗುಳಿಗೆಯ ಲೆಕ್ಕ ಡಾಕ್ಟರಿಗೆ ಬಿಟ್ಟರೆ ಕ್ಷೇಮ.