ಒಡವೆ ಕಸುಬಿಗೆ ಕೈ ಹಾಕುವ ಮುನ್ನ

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಕನ್ನಡನಾಡಿನಲ್ಲಿ ಬಹು ಹಳೆಯದು. ಗುಲಗಂಜಿ ತೂಕದ ಚಿನ್ನಕ್ಕಾಗಿ ಹುಟ್ಟಿದ ಆ ಅನುಮಾನವನ್ನು ಹೊತ್ತುಕೊಂಡೇ ತಲೆತಲಾಂತರದ ಅಕ್ಕಸಾಲಿಗರು ಬುಗುಡಿ, ಅಡ್ಡಿಕೆ, ವಂಕಿ, ಕಾಸಿನ ಸರಗಳನ್ನು ಮಾಡಿಕೊಟ್ಟರು. ಈಗ ಅವರ ಮಕ್ಕಳಲ್ಲಿ ಅನೇಕರು ಅಗ್ಗಿಷ್ಟಿಕೆಯ ಮುಂದಿನಿಂದ ಎದ್ದು ಬೇರೆ ಉದ್ಯೋಗ ಹಿಡಿದಿದ್ದಾರೆ. ಅದೇ ಹೊತ್ತಿಗೆ, ಅಗ್ಗಿಷ್ಟಿಕೆಯನ್ನೇ ಕಾಣದ ಮನೆಗಳ ಹುಡುಗ ಹುಡುಗಿಯರು ಪೆನ್ಸಿಲು, ಕಂಪ್ಯೂಟರು ಹಿಡಿದು ‘ಜ್ಯುವೆಲರಿ ಡಿಸೈನರ್’ ಆಗಲು ಹೊರಟಿದ್ದಾರೆ. ಅವರು ಎಲ್ಲಿಂದ ಆರಂಭಿಸಬೇಕು?

ಮೊದಲು ಬೆಂಕಿಯ ಮುಂದೆ ಕೂರಬೇಕು. ಚಿತ್ರ ಬರೆಯುವುದು ಆಮೇಲೆ.

ಇದಕ್ಕೆ ಕಾರಣವಿದೆ. ಕಾಗದದ ಮೇಲೆ ಎಷ್ಟು ತೆಳುವಾದ ಎಸಳನ್ನಾದರೂ ಬರೆಯಬಹುದು. ಬೆಸುಗೆ ಹಾಕುವಾಗ ಅದು ಉಳಿಯಬೇಕಲ್ಲ? ಅಪ್ಪಟ ಚಿನ್ನ 1064 ಡಿಗ್ರಿ, ಬೆಳ್ಳಿ ಸುಮಾರು 962 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತವೆ. ಬೆಸುಗೆ ಅದಕ್ಕಿಂತ ಕಡಿಮೆ ಶಾಖದಲ್ಲಿ ಹರಿಯಬೇಕು. ಬೆಸುಗೆ ಹರಿದ ಮೇಲೂ ಒಂದು ಕ್ಷಣ ಉರಿ ನಿಂತರೆ ದಿನವಿಡೀ ಮಾಡಿದ ಎಸಳು ಮುದ್ದೆಯಾಗುತ್ತದೆ. ಆ ಕ್ಷಣವನ್ನು ಕಣ್ಣು ಕಲಿಯಬೇಕೇ ಹೊರತು ಕಂಪ್ಯೂಟರು ಕಲಿಸುವುದಿಲ್ಲ.

ಕೊಡಗಿನ ಜೋಮಾಲೆಯನ್ನೇ ನೋಡಿ. ಟೊಳ್ಳಾದ ಚಿನ್ನದ ಗುಂಡುಗಳೊಳಗೆ ಅರಗು ತುಂಬಿರುತ್ತಾರೆ. ನೋಟಕ್ಕೆ ದೊಡ್ಡ ಸರ, ಆದರೆ ಚಿನ್ನದ ಖರ್ಚು ಕಡಿಮೆ. ಅರಗಿನ ಆಸರೆಯಿಂದ ಗುಂಡು ಸುಲಭವಾಗಿ ನಗ್ಗುವುದಿಲ್ಲ. ಅಂದ, ತೂಕ, ಬಾಳಿಕೆ ಮೂರನ್ನೂ ಒಟ್ಟಿಗೆ ಯೋಚಿಸಿದ್ದು ಲೋಹವನ್ನು ಬಲ್ಲ ಕೈ. ವಿನ್ಯಾಸವೆಂದರೆ ಇದೇ.

ಕಲಿಕೆ ಎಲ್ಲಿ?

ನಾಲ್ಕು ವರ್ಷದ ಪದವಿ ಬೇಕೆನ್ನುವವರಿಗೆ ನಿಫ್ಟ್ ಸಂಸ್ಥೆಯ ಅಕ್ಸೆಸರಿ ಡಿಸೈನ್ ಓದು ಇದೆ. ಬರೀ ಒಡವೆಯ ವಿದ್ಯೆಗಾಗಿ ಮುಂಬೈ, ಜೈಪುರಗಳಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಜೆಮ್ಸ್ ಅಂಡ್ ಜ್ಯುವೆಲರಿ ಇದೆ. ಆದರೆ ಬೆಂಗಳೂರಿನ ನಗರ್ತಪೇಟೆಯ ಇಕ್ಕಟ್ಟಾದ ಮಹಡಿಗಳಲ್ಲಿ ಬಂಗಾಳಿ ಕುಶಲಕರ್ಮಿಗಳು ತಲೆ ಬಗ್ಗಿಸಿ ಮಾಡುವ ಕೆಲಸವನ್ನು ಕೆಲವು ತಿಂಗಳು ಹತ್ತಿರದಿಂದ ನೋಡಿದವರಿಗೆ ಸಿಗುವ ಪಾಠವೇ ಬೇರೆ.

ಮೊದಲ ಪಾಠ ತಾಮ್ರ, ಹಿತ್ತಾಳೆಯಲ್ಲಿ ನಡೆಯಲಿ; ಅದು ಕೆಟ್ಟರೂ ಮನೆ ಮುಳುಗದು. ಕಮ್ಮಚ್ಚಿನಲ್ಲಿ ತಂತಿ ಎಳೆಯುವುದು, ತಗಡು ತಟ್ಟುವುದು, ಗರಗಸ, ಅರ ಹಿಡಿಯುವುದು, ಬಿಳಿಗಾರ ಹಚ್ಚಿ ಬೆಸೆಯುವುದು ಇಷ್ಟು ಕೈಗೆ ಹತ್ತಿದ ಮೇಲೆ ಬೆಳ್ಳಿ, ಕೊನೆಗೆ ಚಿನ್ನ. ಒಂದು ಎಚ್ಚರಿಕೆ: ‘ಕೆಡಿಎಂ’ ಎಂದು ಹೆಸರಾದ ಬೆಸುಗೆಯಲ್ಲಿರುವ ಕ್ಯಾಡ್ಮಿಯಂನ ಹೊಗೆ ಶ್ವಾಸಕೋಶ, ಮೂತ್ರಪಿಂಡಗಳಿಗೆ ವಿಷ. ಅದರ ಹತ್ತಿರವೂ ಸುಳಿಯಬಾರದು.

ಗುಂಜಿಯ ಲೆಕ್ಕ

ಒಂದು ಗುಲಗಂಜಿ ಎಂದರೆ ಸುಮಾರು 120 ಮಿಲಿಗ್ರಾಂ. 10 ಗ್ರಾಂ ಒಡವೆಯಲ್ಲಿ ಶೇ 2ರಷ್ಟು ಸವಕಳಿಯಾದರೂ 200 ಮಿಲಿಗ್ರಾಂ ಚಿನ್ನ ಅರದ ಪುಡಿಯಲ್ಲಿ ಹೋಯಿತು. ಅದಕ್ಕೇ ಅಕ್ಕಸಾಲಿಗರ ಅಂಗಡಿಯ ಕಸಕ್ಕೂ ಬೆಲೆ. ಅದನ್ನು ತೊಳೆದು ಚಿನ್ನ ತೆಗೆಯುವವರಿದ್ದಾರೆ. ಕೊಟ್ಟ ಚಿನ್ನ, ಸವಕಳಿ, ಮಜೂರಿ ಮೂರನ್ನೂ ಬರೆದು ತೋರಿಸುವ ಅಭ್ಯಾಸವನ್ನು ಹೊಸಬರು ಮೊದಲ ದಿನದಿಂದಲೇ ಹಿಡಿಯಬೇಕು. ಗಾದೆಗೆ ಅದೇ ಉತ್ತರ.

ಈ ಕಸುಬಿನ ಅನ್ನ ಸರ್ಕಾರದ ಒಂದು ಆದೇಶದಿಂದ ಕೈತಪ್ಪಿದ್ದೂ ಉಂಟು. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರಟ್‌ಗಿಂತ ಶುದ್ಧವಾದ ಒಡವೆ ಮಾಡುವುದನ್ನು ನಿಷೇಧಿಸಿದವು. ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. 1968ರಲ್ಲಿ ಕಾಯಿದೆಯಾದ ಆ ನಿಯಂತ್ರಣ ರದ್ದಾದದ್ದು 1990ರಲ್ಲಿ. ಅಂದು ಜನ ಬೇಡವೆಂದ 14 ಕ್ಯಾರಟ್ ಒಡವೆಯನ್ನೇ ಇಂದು ಬೆಲೆಗೆ ಹೆದರಿ ಗಿರಾಕಿಗಳು ತಾವಾಗಿ ಕೇಳುತ್ತಿರುವುದು ಕಾಲದ ವಿಚಿತ್ರ. ಹೊಸ ವಿನ್ಯಾಸಗಾರರಿಗೆ ಇದೊಂದು ಅವಕಾಶವೂ ಹೌದು.

2021ರ ಜೂನ್ 16ರಿಂದ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದೆ. 22 ಕ್ಯಾರಟ್‌ಗೆ 916, 18ಕ್ಕೆ 750, 14ಕ್ಕೆ 585 ಎಂಬ ಅಂಕಿಯ ಜೊತೆಗೆ ಪ್ರತಿ ಒಡವೆಗೂ ಆರು ಅಂಕಿ-ಅಕ್ಷರಗಳ ಪ್ರತ್ಯೇಕ ಗುರುತಿರುತ್ತದೆ. ವರ್ಷಕ್ಕೆ 40 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ವಿನಾಯಿತಿ ಇದೆಯಾದರೂ ಹೊಸಬರು ಮುದ್ರೆ ಹಾಕಿಸುವುದೇ ಲೇಸು. ಕೇಳರಿಯದ ಹೆಸರಿನ ಅಂಗಡಿಯನ್ನು ಗಿರಾಕಿ ನಂಬುವುದು ಮುದ್ರೆ ನೋಡಿಯೇ.

ಮನೆತನದ ಕಸುಬನ್ನು ಬಿಡದವರಿಗೂ ಆಸರೆ ಇದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರದೂ ಒಂದು. ತರಬೇತಿ, ಸಲಕರಣೆಗೆ 15,000 ರೂಪಾಯಿ, ಮೊದಲ ಕಂತಿನಲ್ಲಿ ಶೇ 5ರ ಬಡ್ಡಿಗೆ 1 ಲಕ್ಷ ರೂಪಾಯಿವರೆಗೆ ಸಾಲ ಇದರಲ್ಲಿ ಸೇರಿವೆ.

ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ಓಲೆಯ ತಿರುಪು ಸಡಿಲವಾಗದೆ ನಿಲ್ಲುವುದೇ, ಸರದ ಕೊಂಡಿ ಸೀರೆಯ ಎಳೆ ಕೀಳುವುದೇ ಎಂಬುದಕ್ಕೆ ಯಾವ ಮುದ್ರೆಯೂ ಇಲ್ಲ; ಅದಕ್ಕೆ ಮಾಡಿದ ಕೈಯೇ ಹೊಣೆ. ಒಮ್ಮೆ ಒಡವೆ ಕೊಂಡ ಅಕ್ಕ, ಮರುವರ್ಷ ತಂಗಿಯನ್ನೂ ಕರೆದುಕೊಂಡು ಬಂದಳೆಂದರೆ ಅಂಗಡಿ ನಿಂತಿತೆಂದೇ ಲೆಕ್ಕ.