ಮಗು ಎಲ್ಲಿದೆ ಎಂದು ತಿಳಿಸುವ ಸಾಧನ: ಆಯ್ಕೆ ಹೇಗೆ?

ಮಕ್ಕಳು ಇರುವ ಜಾಗ ತಿಳಿಸುವ ಸಾಧನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೂರು: ಸಿಮ್ ಹಾಕುವ ಜಿಪಿಎಸ್ ವಾಚ್, ಬ್ಲೂಟೂತ್ ಟ್ಯಾಗ್, ಫೋನಿನ ಆ್ಯಪ್.

ಜಿಪಿಎಸ್ ವಾಚ್ ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗ ಲೆಕ್ಕಹಾಕಿ, ಮೊಬೈಲ್ ನೆಟ್‌ವರ್ಕ್ ಮೂಲಕ ಪೋಷಕರ ಫೋನಿಗೆ ಕಳಿಸುತ್ತದೆ. ಬಯಲಿನಲ್ಲಿ ಕೆಲವೇ ಮೀಟರ್ ವ್ಯತ್ಯಾಸ. ಕಟ್ಟಡದೊಳಗೆ ಅದು ಹೆಚ್ಚುತ್ತದೆ. ಮಲೆನಾಡಿನ ಎಷ್ಟೋ ಊರುಗಳಲ್ಲಿರುವಂತೆ ನೆಟ್‌ವರ್ಕೇ ಸಿಗದಿದ್ದರೆ ಮಾಹಿತಿ ತಲುಪುವುದಿಲ್ಲ. ಶಾಲೆಯ ದಾರಿಯಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂದು ಮೊದಲು ನೋಡಬೇಕು.

ಆ್ಯಪಲ್ 2021ರಲ್ಲಿ ತಂದ ಏರ್‌ಟ್ಯಾಗ್ ಎಂಬ ಬ್ಲೂಟೂತ್ ಟ್ಯಾಗ್‌ನಲ್ಲಿ ಜಿಪಿಎಸ್ ಇಲ್ಲ. ಹತ್ತಿರ ಹಾದುಹೋಗುವ ಬೇರೆಯವರ ಆ್ಯಪಲ್ ಫೋನುಗಳೇ ಅದರ ಜಾಗ ತಿಳಿಸಬೇಕು. ಪೇಟೆಯ ಜನಸಂದಣಿಯಲ್ಲಿ ಇದು ನಡೆದೀತು, ತೋಟದ ದಾರಿಯಲ್ಲಿ ನಡೆಯದು. ಬ್ಯಾಗು, ಬೀಗದ ಕೈಗೆಂದು ಮಾಡಿದ ವಸ್ತುವನ್ನು ಮಗುವಿನ ಸುರಕ್ಷತೆಗೆ ನೆಚ್ಚಿಕೊಳ್ಳುವುದು ಸರಿಯಲ್ಲ.

ಸ್ವಂತ ಆಂಡ್ರಾಯ್ಡ್ ಫೋನ್ ಇರುವ ಮಕ್ಕಳಿಗೆ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಸಾಕು, ಅದು ಉಚಿತ.

ಬೆಲೆಗಿಂತ ದೊಡ್ಡ ಪ್ರಶ್ನೆ, ಮಾಹಿತಿ ಯಾರ ಕೈ ಸೇರುತ್ತದೆ ಎಂಬುದು. 2017ರಲ್ಲಿ ನಾರ್ವೆಯ ಗ್ರಾಹಕ ಮಂಡಳಿ ಪರೀಕ್ಷಿಸಿದ ಮಕ್ಕಳ ವಾಚ್‌ಗಳ ಪೈಕಿ ಕೆಲವುಗಳಲ್ಲಿ, ಅಪರಿಚಿತರೂ ಮಗುವಿನ ಜಾಗ ನೋಡಬಹುದಾದಂಥ ಲೋಪಗಳಿದ್ದವು. ಅದೇ ವರ್ಷ ಜರ್ಮನಿ, ಸುತ್ತಲಿನ ಮಾತನ್ನು ಗುಟ್ಟಾಗಿ ಕೇಳಿಸುವ ಮಕ್ಕಳ ವಾಚ್‌ಗಳ ಮಾರಾಟವನ್ನೇ ನಿಷೇಧಿಸಿತು. ತಯಾರಕರ ಹೆಸರು ಗೊತ್ತಿಲ್ಲದ, ಸಾಫ್ಟ್‌ವೇರ್ ಅಪ್‌ಡೇಟ್ ಬಾರದ ಅಗ್ಗದ ವಾಚ್ ಬೇಡವೇ ಬೇಡ. ಒಳ್ಳೆಯದನ್ನು ಕೊಂಡರೂ, ಮೊದಲೇ ಬಂದಿರುವ ಪಾಸ್‌ವರ್ಡ್ ಬದಲಿಸಬೇಕು.

ಯಾಕೆ ತೊಡಿಸುತ್ತಿದ್ದಾರೆ ಎಂದು ಮಗುವಿಗೂ ತಿಳಿದಿರಬೇಕು. ಬ್ಯಾಟರಿ ಮುಗಿದ ದಿನಕ್ಕೆ ಮನೆಯವರ ಫೋನ್ ನಂಬರ್ ಬಾಯಿಪಾಠ ಆಗಿರಲಿ. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098.